ಉಲ್ಟಾ ಸುತ್ತುವ ಚಂದ್ರ

ಅಯ್ಯೋ ದೇವರೇ! ಕೈಲಿದ್ದ ಕಾಫಿ ಲೋಟ ಜಾರಿ ಪೇಪರ್ ಮೇಲೇ ಬಿತ್ತು. ಶನಿಗ್ರಹಕ್ಕೆ ಇನ್ನೊಂದು ಚಂದ್ರ ಸಿಕ್ಕಿದೆಯಂತೆ. ಮೂರು ಕಿಲೋಮೀಟರ್ ಅಗಲದ, ಅಡ್ಡಾದಿಡ್ಡಿ ಕಲ್ಲು. ದೊಡ್ಡ ಚಂದ್ರಗಳೆಲ್ಲ ಒಂದು ಕಡೆ ಸುತ್ತಿದರೆ ಇದು ಉಲ್ಟಾ ಸುತ್ತುತ್ತದಂತೆ. ಆರು ವರ್ಷದ ಹಿಂದಿನ ಚಿತ್ರಗಳಲ್ಲೇ ಇತ್ತು, ಯಾರ ಕಣ್ಣಿಗೂ ಬಿದ್ದಿರಲಿಲ್ಲ ಅಂತ ಬರೆದಿದ್ದರು.

ಯಾರ ಕಣ್ಣಿಗೂ ಬಿದ್ದಿರಲಿಲ್ಲವಾ? ನನ್ನ ಮಗಳು ನೋಡಿದ್ದಳು ಕಣ್ರೀ!

ದೊಡ್ಡನೆಕ್ಕುಂದಿಯ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ಇನ್‌ಸ್ಪೆಕ್ಷನ್ ಮಾಡಿದವನು ನಾನು. ಈ ನಾಣಿಯ ಕಣ್ಣು ತಪ್ಪಿಸಿ ಒಂದು ಬೇರಿಂಗ್ ಆಚೆ ಹೋಗಿದ್ದಿಲ್ಲ. ಕೂದಲೆಳೆಯಷ್ಟು ವ್ಯತ್ಯಾಸ ಬಂದರೂ ಕೆಂಪು ಪೆನ್ಸಿಲ್ಲಿನ ಗೀಟು, ರಿಜೆಕ್ಟ್ ಡಬ್ಬ.

ತನ್ಮಯಿ ಒಂಬತ್ತನೇ ಕ್ಲಾಸಲ್ಲಿದ್ದಾಗ ನಮ್ಮಿಬ್ಬರಿಗೂ ಒಂದೇ ಹುಚ್ಚು. ದೊಡ್ಡ ಟೆಲಿಸ್ಕೋಪುಗಳು ತೆಗೆದ ಶನಿಗ್ರಹದ ಚಿತ್ರ ಇಂಟರ್ನೆಟ್ಟಲ್ಲಿ ಸಿಗುತ್ತವಲ್ಲ, ಭಾನುವಾರ ಕೂತು ಅವನ್ನ ಒಂದರ ಮೇಲೊಂದು ಜೋಡಿಸಿ, ಜಾಗ ಬದಲಿಸೋ ಚುಕ್ಕೆ ಹುಡುಕುತ್ತಿದ್ದೆವು. ಒಂದಿನ, "ಅಪ್ಪಾ, ಚಂದ್ರ!" ಅಂತ ಕುಣಿದುಬಿಟ್ಟಳು.

"ಉಲ್ಟಾ ಹೋಗ್ತಿದೆಯಲ್ಲೇ ಪೆದ್ದಿ. ಕ್ಯಾಮೆರಾದ ಕಸ ಅದು," ಅಂದೆ. ಅವಳು ತಾರೀಖು, ಜಾಗ ಗುರುತು ಹಾಕಿಟ್ಟಿದ್ದ ನೋಟ್‌ಬುಕ್ಕಿಗೆ ಕೆಂಪು ಗೀಟು ಎಳೆದೆ. ಒಂದೆರಡು ವಾರದಲ್ಲಿ ಅವಳು ಕಂಪ್ಯೂಟರ್ ಹತ್ತಿರ ಕೂರೋದೇ ಬಿಟ್ಟಳು. ಆಮೇಲೆ ಕಾಮರ್ಸ್ ತಗೊಂಡಳು. ಹುಚ್ಚು ಇಳೀತು ಅಂದುಕೊಂಡೆ, ನನ್ನ ಬುದ್ಧಿಗಿಷ್ಟು!

ಅಟ್ಟದಿಂದ ಆ ನೋಟ್‌ಬುಕ್ ಇಳಿಸಿದೆ. ಪೇಪರಿನ ಚಿತ್ರದ ಕೆಳಗಿದ್ದ ತಾರೀಖು, ಅದೇ. ಚುಕ್ಕೆ ಇದ್ದ ಜಾಗ, ಅದೇ. ಅದರ ಮೇಲೆ ನನ್ನ ಗೀಟು. ನೆಲದ ಮೇಲೇ ಕೂತುಬಿಟ್ಟೆ.

"ರೀ, ಬಿಪಿ ಮಾತ್ರೆ ತಗೊಂಡ್ರೋ ಇಲ್ವೋ?" ಅಡುಗೆಮನೆಯಿಂದ ಹೆಂಡತಿ ಸುಬ್ಬಲಕ್ಷ್ಮಿ ಕೂಗಿದಳು. ತನ್ಮಯಿ ಕಾಲೇಜಿಗೆ ಹೊರಟು ಚಪ್ಪಲಿ ಹಾಕಿಕೊಳ್ಳುತ್ತಿದ್ದಳು. ಒದ್ದೆ ಪೇಪರು, ನೋಟ್‌ಬುಕ್ಕು ಎರಡನ್ನೂ ಅವಳ ಮುಂದೆ ಹಿಡಿದೆ.

"ತಪ್ಪಾಯ್ತು ಕಣೇ. ಉಲ್ಟಾ ಸುತ್ತೋ ಚಂದ್ರಗಳೂ ಇರ್ತವೆ ಅಂತ ನಂಗೆ ಗೊತ್ತಿರ್ಲಿಲ್ಲ."

ಅವಳು ಓದಿದಳು. ಮುಖದಲ್ಲಿ ಆಶ್ಚರ್ಯವೇ ಇಲ್ಲ.

"ನಂಗೆ ಗೊತ್ತಿತ್ತು ಅಪ್ಪ. ಮಾರನೇ ದಿನಾನೇ ಸ್ಕೂಲ್ ಲೈಬ್ರರೀಲಿ ಓದಿದ್ದೆ. ದೂರದ ಪುಟಾಣಿ ಚಂದ್ರಗಳು ಬಹಳಷ್ಟು ಉಲ್ಟಾನೇ ಸುತ್ತೋದು."

"ಅಯ್ಯೋ, ನಂಗೆ ಹೇಳ್ಬಾರದಿತ್ತೇನೇ?"

"ಹೇಳಕ್ಕೇ ಅಂತ ಓಡಿ ಬಂದೆ," ಅಂದಳು ತನ್ಮಯಿ. "ನೀವು ಕೆಂಪು ಪೆನ್ಸಿಲ್ ಚೂಪು ಮಾಡ್ತಾ ಕೂತಿದ್ರಿ."