ಜರ್ವಲಿ ಮಾಸ್ತರ ಕುಂತ ಜಾಗ

"ಕೈ ಯಾಕ ನಿಲ್ಲಿಸ್ದಿ, ಬೋಸುಡಿ? ಸೆಕಿ ಆಗ್ತದಂತ ಸೆಕಿ! ಹೊಲಗೇರಿಯಾಗ ಏಸಿ ಹಾಕ್ಕೊಂಡು ಮಲಗತಿದ್ದೇನ?"

ಗುರುಶಾಂತವ್ವ ಕಣ್ಣಿಗಿಳಿದ ಬೆವರು ಒರೆಸಿಕೊಂಡಿದ್ದಳು, ಅಷ್ಟೇ. ಮಾಲೀಕ ನರಹರಿಯ ಬೈಗುಳಕ್ಕೆ ಮತ್ತೆ ರೊಟ್ಟಿ ಬಡಿಯತೊಡಗಿದಳು.

ಸ್ಯಾನ್ ಡಿಯಾಗೊದ ಆ ಶೆಡ್ಡಿನಲ್ಲಿ ಬೆಳಗಿನಿಂದ ಆರು ಹೆಂಚು ಕಾಯುತ್ತಿದ್ದವು. ಫ್ಯಾನ್ ಹಾಕಿದರೆ ಹಸಿ ರೊಟ್ಟಿ ಒಣಗಿ ಬಿರಿಯುತ್ತದೆ. ಹಿಂದಿನ ಶಟರ್ ಎತ್ತಿದರೆ ಒಳಗೆ ಯಾರ‍್ಯಾರಿದ್ದಾರೆಂದು ಬೀದಿಗೆ ಕಾಣುತ್ತದೆ. ಹಾಗಾಗಿ ಎರಡೂ ಬಂದ್. ಟೆಲಿಕಾಂ ಕಂಪನಿಯ ನೌಕರಿ ಬಿಟ್ಟು ಧಾರವಾಡದ ನರಹರಿ ಹಾಕಿದ ರೊಟ್ಟಿ ಫ್ಯಾಕ್ಟರಿ ಅದು. ಪ್ಯಾಕೆಟ್ಟಿನ ಮೇಲೆ ಇಳಕಲ್ ಸೀರೆಯುಟ್ಟ ಅವನ ತಾಯಿಯ ಚಿತ್ರ. ಲಾಸ್ ಏಂಜಲೀಸ್ ಬಳಿಯ ಕ್ಯಾಲಬಾಸಸ್ ಗುಡಿಗೆ ಬಂದವರು ದಾರಿಯ ಅಂಗಡಿಗಳಲ್ಲಿ ಡಜನ್‌ಗಟ್ಟಲೆ ಕೊಂಡೊಯ್ಯುತ್ತಿದ್ದರು.

ಆ ತಾಯಿಯ ಉಚ್ಚೆ ಬಾಚಲೆಂದೇ ಗುರುಶಾಂತವ್ವನನ್ನು ಮೂರು ವರ್ಷದ ಹಿಂದೆ ವಿಜಯಪುರದಿಂದ ಕರೆತಂದಿದ್ದ. ತಾಯಿ ತೀರಿದ ಮೇಲೆ ಹೆಂಚಿನ ಮುಂದೆ ಕೂರಿಸಿದ. ಪಾಸ್‌ಪೋರ್ಟ್ ಅವನ ಕಪಾಟಿನಲ್ಲಿತ್ತು. ಗಿರಾಕಿಗಳು ಬಂದರೆ ಅವಳು ಹಿಂದಿನ ಕೋಣೆಗೆ ಹೋಗಬೇಕು. "ನಿನ್ನ ಕೈ ಅಂತ ಗೊತ್ತಾದ್ರ ಯಾವಾಂವ ತಿಂತಾನ?"

ಪಾತ್ರೆ ತಿಕ್ಕುವವನು ಜರ್ವಲಿ. ಐವತ್ತೈದರ ಪಠಾಣ, ಮುಂದಿನ ನಾಲ್ಕು ಹಲ್ಲಿರಲಿಲ್ಲ. ವಿಜಯಪುರದ ಓಣಿಯಲ್ಲಿ ಕಲಿತ ಉರ್ದುವಿನಲ್ಲಿ ಗುರುಶಾಂತವ್ವ ಅವನೊಡನೆ ಮಾತಾಡುತ್ತಿದ್ದಳು. ವಜೀರಿಸ್ತಾನದಲ್ಲಿ ಸಾಲಿ ಮಾಸ್ತರನಾಗಿದ್ದನೆಂದು ತಿಳಿದ ಮೇಲೆ ಮಾಸ್ತರ ಎಂದೇ ಕರೆಯುತ್ತಿದ್ದಳು.

2025ರ ಸೆಪ್ಟೆಂಬರಿನ ಒಂದು ಮಧ್ಯಾಹ್ನ, ಪಕ್ಕದ ಹೆಂಚಿನ ರಜನಿ ಕುಂತಲ್ಲೇ ವಾಲಿದಳು. ಬಾಗಲಕೋಟೆಯ ಹೆಂಗಸು, ಅವಳೂ ಹೀಗೇ ಬಂದವಳು. ಒಲೆಯ ಅಂಚಿಗೆ ಹಣೆ ಬಡಿದು ರಕ್ತ ಹಿಟ್ಟಿಗಿಳಿಯಿತು.

"ಹಿಟ್ಟು ಹಾಳಾತಲ್ಲೋ!" ನರಹರಿ ಓಡಿ ಬಂದು ಮೊದಲು ಹಿಟ್ಟಿನ ಪರಾತ ಎಳೆದ. "ಏಳ್ ಏಳ್, ನಾಟಕ ಸಾಕು."

ಜರ್ವಲಿ ಕೈ ಒರೆಸಿಕೊಂಡು ರಜನಿಯ ಮುಖಕ್ಕೆ ನೀರು ಹಚ್ಚಿದ. ಆಮೇಲೆ ಹೋಗಿ ಶಟರಿಗೆ ಬೆನ್ನು ಕೊಟ್ಟು ನೆಲದ ಮೇಲೆ ಕುಂತ.

"ಇದನ್ನು ಎತ್ತಿ, ಸಾಬ್. ಎತ್ತಿದರೆ ನಾನೂ ಏಳುತ್ತೇನೆ."

ನರಹರಿಯ ಕೈಗೆ ಸಿಕ್ಕಿದ್ದು ಲಟ್ಟಣಿಗೆ. ಒಂದೇ ಏಟಿಗೆ ಜರ್ವಲಿಯ ಕೆನ್ನೆ ಒಡೆಯಿತು. ಅವನು ಕೈ ಎತ್ತಲಿಲ್ಲ, ಮುಖ ಮುಚ್ಚಿಕೊಳ್ಳಲೂ ಇಲ್ಲ. ಮತ್ತೊಂದು ಏಟು. ಗುರುಶಾಂತವ್ವ ಹಿಟ್ಟಿಗೆ ಕಾಯಿಸಿದ್ದ ಕುದಿನೀರಿನ ಪಾತ್ರೆ ಎತ್ತಿಕೊಂಡು ನಿಂತಿದ್ದಳು.

"ನಹೀಂ, ಬೆಹನ್," ಎಂದ ಜರ್ವಲಿ. "ಕೆಳಗಿಡು."

ಇಟ್ಟಳು. ಇಟ್ಟದ್ದಕ್ಕೆ ಸಿಟ್ಟು ನೆತ್ತಿಗೇರಿತು.

ಜರ್ವಲಿ ಏಳದ್ದನ್ನು ಕಂಡು ನರಹರಿ ಅಂದು ಶಟರ್ ಒಂದು ಗೇಣು ಎತ್ತಿದ. ಮರುದಿನ ಬಂದು ನೋಡಿದರೆ ಅದಕ್ಕೆ ಬೀಗ ಬಿದ್ದಿತ್ತು.

ಅಂದಿನಿಂದ ಊಟದ ಅರ್ಧ ಗಂಟೆ ಜರ್ವಲಿ ಅಲ್ಲೇ ಕೂರತೊಡಗಿದ. ನರಹರಿ ಬೇಕೆಂದೇ ಅವನ ಕಾಲು ತುಳಿದುಕೊಂಡು ಓಡಾಡುತ್ತಿದ್ದ. ಒಮ್ಮೆ ಬಾಂಡಲಿಯ ಎಂಜಲು ನೀರು ಚೆಲ್ಲಿದ. ಜರ್ವಲಿ ಒದ್ದೆಯಲ್ಲೇ ರೊಟ್ಟಿ ಮುರಿದು ತಿಂದ.

"ನೀ ಗಂಡಸೇನ ಮಾಸ್ತರ?" ಗುರುಶಾಂತವ್ವ ಒಂದು ದಿನ ಕನ್ನಡದಲ್ಲೇ ಒದರಿದಳು. ಆಮೇಲೆ ಉರ್ದುವಿನಲ್ಲಿ ಕೇಳಿದಳು, "ಹೊಡೆದರೂ ಸುಮ್ಮನೆ ಕೂರುವುದನ್ನು ಯಾರು ಕಲಿಸಿದರು ನಿನಗೆ?"

"ಅಜ್ಜ," ಎಂದ. ಅಜ್ಜ ಬ್ರಿಟಿಷರ ಕಾಲದಲ್ಲಿ ಪಠಾಣ ಸತ್ಯಾಗ್ರಹಿಗಳ ಕೆಂಪು ಅಂಗಿ ತೊಟ್ಟು, ಕೋವಿಯ ಮುಂದೆ ಬರಿಗೈಯಲ್ಲಿ ನಿಂತವನು. ಜರ್ವಲಿಯ ಕಾಲಕ್ಕೆ ಕೋವಿ ಸ್ವಂತ ದೇಶದ ಸೈನ್ಯದ್ದಾಗಿತ್ತು. ಅವನ ತಮ್ಮನನ್ನು ಚೆಕ್‌ಪೋಸ್ಟಿನಲ್ಲಿ ಇಳಿಸಿಕೊಂಡರು, ಮತ್ತೆ ಸುಳಿವಿಲ್ಲ. ಮಾಸ್ತರ ತಮ್ಮನ ಫೋಟೋ ಹಿಡಿದು ರಸ್ತೆಯಲ್ಲಿ ಕುಂತ. ಮೊದಲ ದಿನ ಒಬ್ಬನೇ. ಹತ್ತನೇ ದಿನಕ್ಕೆ ಅಂಥದೇ ಫೋಟೋ ಹಿಡಿದ ನಾಲ್ಕು ಸಾವಿರ ಜನ. ಗುಂಡು ಹಾರಿದಾಗ ಹುಡುಗರು ಕಲ್ಲು ಎತ್ತಿದರು. ಇವನು ಅವರ ಕಾಲು ಹಿಡಿದು ಕಲ್ಲು ಕೆಳಗಿಡಿಸಿದ. ಹದಿಮೂರು ಜನ ಸತ್ತರು. ಮೂರು ಸಲ ಜೈಲು. ಹಲ್ಲು ಹೋದದ್ದು ಎರಡನೆಯದರಲ್ಲಿ. ಕೊನೆಗೆ ಕೊಲ್ಲುವ ಪಟ್ಟಿಯಲ್ಲಿ ಹೆಸರು ಬಂದಾಗ ಹೆಂಡತಿಯೇ ದೂಡಿ ಕಳಿಸಿದಳು. ಬ್ರೆಜಿಲ್, ಕಾಡು, ಮೆಕ್ಸಿಕೊ, ಇಲ್ಲಿನ ಗಡಿಗೋಡೆ. ಆಶ್ರಯ ಕೇಳಿ ಅಪ್ಲೈ ಮಾಡಿ ಮೂರು ವರ್ಷವಾಗಿತ್ತು.

"ತಮ್ಮ ಸಿಕ್ಕನೇ?"

"ಇಲ್ಲ."

"ಮತ್ತೆ ಕುಂತು ಏನು ಬಂತು?"

"ಕಲ್ಲು ಹೊಡೆಯಲು ಬಿಟ್ಟಿದ್ದರೆ ಆ ಹದಿಮೂರು ಜನ ಉಳಿಯುತ್ತಿದ್ದರೋ ಏನೋ. ಎಷ್ಟೋ ದಿನ ಹಾಗನ್ನಿಸಿದೆ. ಆದರೆ ನಾಲ್ಕು ಸಾವಿರವೂ ಸಾಯುತ್ತಿತ್ತು ಅಂತಲೂ ಅನ್ನಿಸುತ್ತದೆ. ನನಗೆ ಗೊತ್ತಿಲ್ಲ, ಬೆಹನ್."

ಅಕ್ಟೋಬರಿನಲ್ಲಿ ಜರ್ವಲಿಗೆ ಕಾಗದ ಬಂತು. ಲಾಸ್ ಏಂಜಲೀಸಿನ ವಲಸೆ ಕಚೇರಿಗೆ ಹಾಜರಾಗಬೇಕು. ಹಾಗೆ ಹಾಜರಾದವರನ್ನು ಅಲ್ಲೇ ಹಿಡಿದು ಹಾಕುತ್ತಿದ್ದಾರೆಂಬ ಸುದ್ದಿ ಎಲ್ಲರ ಫೋನಿನಲ್ಲೂ ಇತ್ತು.

"ಹೋಗಬೇಡ ಮಾಸ್ತರ. ಓಡಿಬಿಡು."

"ಊರ ಹುಡುಗರಿಗೆಲ್ಲ ಓಡಬೇಡಿ ಅಂದವನು ನಾನು."

"ಅವರು ಸತ್ತರಲ್ಲೋ!" ಎಂದು ಕೂಗಿಬಿಟ್ಟಳು. ಜರ್ವಲಿಯ ಮುಖ ಬಿಳಿಚಿತು. ಆದರೂ ಬುಧವಾರ ಬೆಳಿಗ್ಗೆ ಒಗೆದ ಅಂಗಿ ತೊಟ್ಟು ಬಸ್ ಹತ್ತಿದ.

ಶುಕ್ರವಾರದವರೆಗೂ ಫೋನ್ ಎತ್ತಲಿಲ್ಲ. ಶನಿವಾರ ನರಹರಿ ನಗುತ್ತ ಒಳಬಂದ. "ನಿಮ್ಮ ಪಠಾಣನ್ನ ಒಳಗ ಹಾಕ್ಯಾರ. ವಿಮಾನ ಹತ್ತಿಸ್ತಾರ. ಇನ್ನ ಯಾವ ಬಾಡ್ಕೋನೂ ಅಲ್ಲಿ ಕೂಡಂಗಿಲ್ಲ."

ಗುರುಶಾಂತವ್ವ ಒಲೆ ಆರಿಸಿದಳು. ಹೋಗಿ ಶಟರಿಗೆ ಬೆನ್ನು ಕೊಟ್ಟು ಕುಂತಳು. ಹಣೆಯ ಗಾಯ ಇನ್ನೂ ಮಾಯದ ರಜನಿ ಅತ್ತಿತ್ತ ನೋಡಿ, ಬಂದು ಪಕ್ಕದಲ್ಲಿ ಕುಂತಳು. ಉಳಿದ ನಾಲ್ವರು ತಲೆ ತಗ್ಗಿಸಿ ರೊಟ್ಟಿ ಬಡಿಯುತ್ತಲೇ ಇದ್ದರು.

"ಏಳ್ತೀಯೋ ಇಲ್ಲೋ? ಪಾಸ್‌ಪೋರ್ಟ್ ಒಲಿಗೆ ಹಾಕ್ತೀನಿ!"

"ಹಾಕೋ, ನಿನ್ನೌನ್. ಇವತ್ತ ಏಳಂಗಿಲ್ಲ ನಾ."

ನರಹರಿ ಜಡೆ ಹಿಡಿದು ಎಳೆದ. ಅವಳ ಕೈ ಅವನ ಕುತ್ತಿಗೆಗೆ ಹೋಗಲು ಒದ್ದಾಡಿತು. ಆ ಕೈಯನ್ನು ತಿರುಗಿಸಿ ಶಟರಿಗೆ ಬಡಿದಳು. ಒಂದು ಸಲ, ಎರಡು ಸಲ, ಆಮೇಲೆ ಎರಡೂ ಅಂಗೈಯಿಂದ. ರಜನಿಯೂ ಬಡಿದಳು. ತಗಡು ಗುಡುಗಿತು. ಆಚೆಯ ಗ್ಯಾರೇಜಿನವನು ಗಾಬರಿಯಾಗಿ ಪೊಲೀಸರಿಗೆ ಫೋನ್ ಮಾಡಿದ.

ಬಂದವಳು ಒಬ್ಬ ಮಹಿಳಾ ಪೊಲೀಸ್ ಅಧಿಕಾರಿ. ಶಟರ್ ತೆಗೆಸಿ, ಮಂಡಿಯೂರಿ ಕುಂತು, ಗುರುಶಾಂತವ್ವನನ್ನು ಏನೋ ಕೇಳಿದಳು.

"ಏನಾತು ಅಂತ ಕೇಳ್ಯಾರ," ಎಂದ ನರಹರಿ. ಅವನ ದನಿ ಈಗ ಮೆತ್ತಗಿತ್ತು.

"ಹೇಳು. ಮಾಸ್ತರನ್ನ ಹೊಡದಿ ಅಂತ ಹೇಳು. ನಮ್ಮನ್ನ ಕೂಡಿ ಹಾಕಿ ಬೇಯಿಸ್ತಿ ಅಂತ ಹೇಳು. ಪಾಸ್‌ಪೋರ್ಟ್ ಕಸಗೊಂಡಿ ಅಂತ ಹೇಳು."

ನರಹರಿ ಅಧಿಕಾರಿಯತ್ತ ತಿರುಗಿ ಇಂಗ್ಲಿಷಿನಲ್ಲಿ ಒಂದೇ ಸಾಲು ಹೇಳಿ, ತಲೆಯ ಪಕ್ಕ ಬೆರಳು ತಿರುಗಿಸಿ ನಕ್ಕ. ಅಧಿಕಾರಿ ಬರೆದುಕೊಳ್ಳತೊಡಗಿದಳು.

"ನೋ," ಎಂದಳು ಗುರುಶಾಂತವ್ವ.

ಪೆನ್ನು ನಿಂತಿತು. ನರಹರಿ ಮತ್ತೆ ಮಾತಾಡಿದ, ಈ ಸಲ ಇನ್ನೂ ಉದ್ದ, ಇನ್ನೂ ಮೆತ್ತಗೆ.

"ನೋ."

ಅವನು ಮತ್ತೆ ಬಾಯಿ ತೆರೆದ. ಅವಳಿಗೆ ಬರುತ್ತಿದ್ದ ಇಂಗ್ಲಿಷು ಅದೊಂದೇ. ಅವನು ಮುಗಿಸುವುದನ್ನೇ ಕಾಯುತ್ತ ಅವಳು ಅಧಿಕಾರಿಯ ಮುಖವನ್ನು ದಿಟ್ಟಿಸಿ ಕುಂತಳು.