ಬೆರಳು ಹೇಳಿದ ಬಿಸಿ

ಒದ್ದೆ ಗರಿಯ ಈ ವಾಸನೆ, ಎಲ್ಲೋ ಮೂಸಿದ ಹಾಗಿದೆಯಲ್ಲ, ಹೌದು, ಕಾರ್ಖಾನೆಯಲ್ಲಿ ತೊಟ್ಟಿಗಿಳಿಸಿದ ಉಣ್ಣೆಯದೇ, ಇಪ್ಪತ್ತೆರಡು ವರ್ಷ ನೂಲಿಗೆ ಬಣ್ಣ ಹಾಕಿದವಳ ಮೂಗಿಗೆ ಇದೇನು ಹೊಸದೇ, ಆದರೆ ಹಿತ್ತಲಿನ ಈ ಹಂಡೆಯಲ್ಲಿ ಮುಳುಗಿರುವುದು ನೂಲಲ್ಲ, ಎಂಟು ತಿಂಗಳು ತಾನೇ ಕಾಳು ಹಾಕಿ ಸಾಕಿದ ಟರ್ಕಿ ಕೋಳಿ, ಐದರಲ್ಲಿ ಮೊದಲನೆಯದು, ಚಾಕು ಹಿಡಿದದ್ದೂ ತಾನೇ — ಅತ್ತಿಗೆ, ನಿಮ್ ಕೈಲಾಗಲ್ಲ ಬಿಡಿ, ರಕ್ತ ನೋಡಿದ್ರೆ ತಲೆ ತಿರುಗಿ ಬೀಳೋರು ನೀವು, ಅಂದಿದ್ದ ಮೈದುನ, ಪೇಟೆಯಲ್ಲಿ ಮಾಂಸದ ಅಂಗಡಿ ಇಟ್ಟವನು, ಹತ್ತು ಗಂಟೆಗೆ ಗಾಡಿ ತರ್ತೀನಿ, ಆಗದಿದ್ರೆ ಎಲ್ಲಾನೂ ಜೀವಸಮೇತ ಅಂಗಡಿಗೆ ತುಂಬ್ಕೊಂಡು ಹೋಗ್ತೀನಿ. ತುಂಬಿಕೊಂಡು ಹೋಗುವುದೆಂದರೆ ಕಾಲು ಕಟ್ಟಿ, ಒಂದರ ಮೇಲೊಂದು ತುರುಕಿ, ಗುರುತಿಲ್ಲದ ಕೈಗಳಿಗೆ ಒಪ್ಪಿಸುವುದು — ಅದು ಮಾತ್ರ ಆಗಕೂಡದು, ಕಾಳು ಹಾಕಿದ ಕೈಯೇ ಕೊನೆಗೂ ಹಿಡಿಯಬೇಕು, ಅವು ಹೆದರುವ ಮೊದಲೇ ಮುಗಿಯಬೇಕು, ಅಷ್ಟೂ ಮಾಡಲಾರದವಳಿಗೆ ಸಾಕುವ ಹಕ್ಕೆಲ್ಲಿಯದು. ಮುಗಿಯಿತು ಕೂಡ, ಕಂಬಕ್ಕೆ ಕಟ್ಟಿದ, ತಳ ಕತ್ತರಿಸಿದ ಕ್ಯಾನಿನಲ್ಲಿ ಕತ್ತು ಮಾತ್ರ ಹೊರಬರುವಂತೆ ತಲೆಕೆಳಗಾಗಿ ಇಳಿಸಿದರೆ ಅದು ತೆಪ್ಪಗಾಯಿತು, ದಿನಾ ಬೆಳಿಗ್ಗೆ ಕರೆಯುವ ಹಾಗೆ ಬಾ ಬಾ ಅಂದಳು, ಒಂದೇ ಎಳೆತ, ಕಣ್ಣು ತುಂಬಿದ್ದು ನಿಜ, ಬೀಳಲಿಲ್ಲ. ಬಿದ್ದವರು ಗಂಡ, ಅದೂ ಒಳಗೆ ಹಾಸಿಗೆಯ ಮೇಲೆ, ರೇಡಿಯೊ ಜೋರು ಮಾಡಿಕೊಂಡು — ಮುಗೀತೇನೇ? — ಇನ್ನೂ ಒಂದೇ ಆಗಿರೋದು ಕಣ್ರೀ, ನೀವು ಹಾಡು ಕೇಳ್ತಿರಿ.

ಆದರೆ ಇದೇನಿದು, ಗರಿ ಎಳೆದರೆ ಚರ್ಮವೇ ಕಿತ್ತು ಬರುತ್ತಿದೆ, ಎದೆಯ ಮೇಲೆ ಅಂಗೈಯಗಲ ಹರಿದೇ ಹೋಯಿತು, ಅಯ್ಯೋ, ಇಷ್ಟು ಚೆನ್ನಾಗಿ ಪ್ರಾಣ ಬಿಟ್ಟದ್ದನ್ನು ಹೀಗೆ ಚಿಂದಿ ಮಾಡುವುದೇ — ಕುದಿಯೋ ನೀರಲ್ಲಿ ಅದ್ದಿಬಿಡಿ, ಅದರಲ್ಲೇನಿದೆ, ಅಂದವನೂ ಮೈದುನನೇ, ಅವನ ಅಂಗಡಿಯಲ್ಲಿ ಗರಿ ಕೀಳುವವರಾದರೂ ಯಾರು, ಚರ್ಮದ ಸಮೇತ ಸುಲಿದು ಎಸೆಯುತ್ತಾರೆ, ಅವನಿಗೇನು ಗೊತ್ತು, ಗೊತ್ತಿಲ್ಲದವನ ಮಾತಿಗೆ ತಲೆಯಾಡಿಸಿದೆಯಲ್ಲೇ ಪೆದ್ದಿ, ಕುದಿಯುವ ನೀರಿಗೆ ಉಣ್ಣೆ ಹಾಕುತ್ತಿದ್ದೆಯಾ ನೀನು? ಕೊಳ್ಳಿ ಹಿಂದಕ್ಕೆಳೆದಳು, ತಣ್ಣೀರು ಸುರಿದಳು, ಬೆರಳದ್ದಿ ತೆಗೆದಳು, ಒಂದು ಸಲ, ಎರಡು, ಮೂರು, ನಾಲ್ಕನೆಯದಕ್ಕೆ ಬೆರಳೇ ಒಲ್ಲೆ ಅಂದಿತು — ಇದೇ, ಇದೇ ಹದ, ಬಿಸಿ ಅಳೆಯುವ ಮೀಟರು ಕೆಟ್ಟ ದಿನ ಕಾರ್ಖಾನೆಯ ಮೇಸ್ತ್ರಿ ಕರೆಯುತ್ತಿದ್ದದ್ದು ಈ ಬೆರಳನ್ನೇ. ಎರಡನೆಯದು ಕ್ಯಾನಿಗೆ, ಬಾ ಬಾ, ಒಂದೇ ಎಳೆತ, ಅದು ಪೂರ್ತಿ ಸುಮ್ಮನಾದ ಮೇಲೆ ಹಂಡೆಗೆ, ಕಾಲು ಹಿಡಿದು ಮೇಲೆ ಕೆಳಗೆ, ಅರವತ್ತು ಎಣಿಸಿ ರೆಕ್ಕೆಯ ದಪ್ಪ ಗರಿಯೊಂದನ್ನು ಎಳೆದರೆ ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಬಂದೇಬಿಟ್ಟಿತು, ಆಮೇಲೆ ಮುಷ್ಟಿ ಮುಷ್ಟಿ, ಸೀರೆಯೆಲ್ಲ ಗರಿ, ಬಾಯಲ್ಲೂ ಗರಿ, ಚರ್ಮ ಮಾತ್ರ ಒಂದು ಗೀರಿಲ್ಲದೆ ನುಣ್ಣಗೆ, ಜೋರಾಗಿ ನಕ್ಕಳು, ಒಬ್ಬಳೇ. ಹೊಟ್ಟೆ ಸೀಳಿ ಕೈ ಹಾಕಿದರೆ ಒಳಗಿನ್ನೂ ಬೆಚ್ಚಗೆ, ಪಿತ್ತದ ಚೀಲ ಒಡೆಯದೆ ಹಸಿರಾಗಿಯೇ ಬಂತು, ಕಲ್ಲುಚೀಲ ಬಿಡಿಸಿದರೆ ಜಲ್ಲಿಯ ನಡುವೆ ಗಂಡನ ಅಂಗಿಯ ಗುಂಡಿ, ಕಳ್ಳಮುಂಡೇದೇ, ಹೋದ ವಾರವೆಲ್ಲ ಇದಕ್ಕಾಗಿ ನಾನು ಬೈಸಿಕೊಂಡೆನಲ್ಲೋ. ಮೂರನೆಯದು ಬೇಗ, ನಾಲ್ಕನೆಯದು ಇನ್ನೂ ಬೇಗ, ಕೈಗೆ ಈಗ ಕಣ್ಣು ಬಂದಿದೆ.

ಗಾಡಿಯ ಸದ್ದು, ಬಂದನಪ್ಪ, ಬರಲಿ, ತಣ್ಣೀರಿನ ಟಬ್ಬಿನಲ್ಲಿ ನಾಲ್ಕು ಸಾಲಾಗಿ ಮಲಗಿವೆ, ನೋಡಲಿ ಕಣ್ಣು ಬಿಟ್ಟು — ನೋಡಿದ, ಒಂದನ್ನೆತ್ತಿ ತಿರುಗಿಸಿದ, ಬೆನ್ನು, ಎದೆ, ತೊಡೆ, ಎಲ್ಲೂ ಹರಿದಿಲ್ಲ, ಕೊನೆಗೆ ಮೊದಲನೆಯದು ಸಿಕ್ಕಿತು, ಇದೇನತ್ತಿಗೆ ಹೀಗಾಗಿದೆ? ಅದು ನಿನ್ ಮಾತು ಕೇಳಿ ಕೆಟ್ಟಿದ್ದು ಕಣೋ, ಅಂದಳು, ಒಳಗೆ ರೇಡಿಯೊದ ಸದ್ದಿನ ನಡುವೆ ಗಂಡ ನಕ್ಕದ್ದು ಕೇಳಿಸಿತು. ಮೈದುನ ನಗಲಿಲ್ಲ, ಟಬ್ಬು ನೋಡಿದ, ಕೊಟ್ಟಿಗೆಯಲ್ಲಿ ಆರಾಮಾಗಿ ಕಾಳು ಕುಕ್ಕುತ್ತಿರುವ ಐದನೆಯದನ್ನು ನೋಡಿದ, ಚಪ್ಪಲಿ ಬಿಟ್ಟ — ಅತ್ತಿಗೆ, ನೀರು ಎಷ್ಟು ಬಿಸಿ ಇರ್ಬೇಕು? ಹದಿನೈದು ವರ್ಷದ ಅಂಗಡಿಯವನು, ತನ್ನನ್ನು, ರಕ್ತ ನೋಡಿದರೆ ಬೀಳುವವಳನ್ನು, ಕೇಳುತ್ತಿದ್ದಾನೆ, ಗೆದ್ದೆ ಕಣೇ, ಗೆದ್ದೆ — ನಾನು ಎಣಿಸ್ತೀನಿ, ನೀನು ಬೆರಳು ಅದ್ದು, ಅಂದಳು, ಅವನು ತೋಳು ಮಡಚಿ ಹಂಡೆಯ ಮುಂದೆ ಕುಕ್ಕರುಗಾಲಲ್ಲಿ ಕೂತ, ಇನ್ನು ಐದನೆಯದನ್ನು ತರಬೇಕು, ಚಾಕು ಮಸೆಯಬೇಕು, ಟಬ್ಬಿಗೆ ಹಾಕುವ ಮಂಜುಗಡ್ಡೆ ಎಲ್ಲಿಟ್ಟೆ, ಇಲ್ಲ, ಯೋಚನೆ ಯಾವುದೂ ಮುಂದಕ್ಕೆ ಹೋಗುತ್ತಿಲ್ಲ, ಆವಿಯಲ್ಲಿ ಬರೀ ಅವನ ಬೆರಳು, ಗಾಯದ ಗುರುತುಗಳ ದಪ್ಪ ಬೆರಳು, ನೀರಿನ ಮೇಲೆ ಒಂದಂಗುಲ ಎತ್ತರದಲ್ಲಿ, ಅವಳು ಒಂದು ಅನ್ನುವುದನ್ನೇ ಕಾಯುತ್ತಾ, ಆ ಬೆರಳು…