ಪುಟ ನಲವತ್ತೊಂದರ ಪ್ರದಕ್ಷಿಣೆ

ರಾತ್ರಿ ಒಂದೂವರೆಗೆ ಅಡುಗೆಮನೆಯಲ್ಲಿ ಟಕ್ ಎಂದಿತು. ಸ್ವಲ್ಪ ಬಿಟ್ಟು ಮತ್ತೆ ಟಕ್. ಬೆಳಗಾದರೆ ಹಾಸನದಲ್ಲಿ ಪಿಎಚ್‌ಡಿಯ ಮೌಖಿಕ ಪರೀಕ್ಷೆ. ರೂಪಶ್ರೀಗೆ ನಿದ್ದೆ ಮೊದಲೇ ಇರಲಿಲ್ಲ. ಎದ್ದು ದೀಪ ಹಾಕಿದಳು.

ಹಿತ್ತಾಳೆ ತಟ್ಟೆಯಲ್ಲಿ ಒಂದು ಜೀರುಂಡೆ. ಎಡಗಾಲೊಂದು ಮುರಿದು ಎಡಕ್ಕೇ ವಾಲಿಕೊಂಡು ಸುತ್ತುತ್ತಿತ್ತು, ಸುತ್ತಿಗೊಮ್ಮೆ ಚಮಚಕ್ಕೆ ತಲೆ ಕುಟ್ಟಿಕೊಳ್ಳುತ್ತಿತ್ತು.

ಅವಳ ಪ್ರಬಂಧವೂ ಇಂಥದ್ದೇ. ಕಾಂತದ ಎಳೆತಕ್ಕೆ ಸಿಕ್ಕ ಕಣ ಬಾಗಿದ ಮೇಲ್ಮೈಯ ಮೇಲೆ ಒಂದೇ ಬದಿಗೆ ವಾಲುತ್ತ ಸಾಗುತ್ತದೆ. ಎಲ್ಲಿಂದ ಹೊರಟರೂ, ಎಳೆತ ಹೆಚ್ಚಾದರೂ ಕಡಿಮೆಯಾದರೂ ಹೊರಟಲ್ಲಿಗೇ ಮರಳುವುದಾದರೆ, ಆ ಮೇಲ್ಮೈ ಚೆಂಡಿನಂತೆ ಗುಂಡಗಿರಲೇಬೇಕು; ಆಲೂಗಡ್ಡೆಯಾಗಿರಲು ಸಾಧ್ಯವಿಲ್ಲ. ಇದನ್ನು ಆಲೂಗಡ್ಡೆ ಹಿಡಿದೇ ವಿವರಿಸಿದಾಗ ಅತ್ತೆ ಪುಟ್ಟತಾಯಮ್ಮ, "ಗುಂಡಗೈತೋ ಇಲ್ವೋ ಅಂತ ಕಣ್ಣಲ್ಲೇ ಕಾಣಾಕಿಲ್ವಾ? ಇದ್ಕೆ ಆರು ವರ್ಸ ಬೇಕಾಯ್ತಾ?" ಎಂದಿದ್ದರು.

ಈಗ ಅವರೂ ಎದ್ದು ಬಂದು ತಟ್ಟೆಗೆ ಇಣುಕಿದರು. "ಅಪ್ರದಕ್ಸಿಣೆ ಸುತ್ತುತಾ ಐತಲ್ಲವ್ವ ಉಳ. ಸರಿಯಾಗಿ ತಿರುಗ್ಸು."

ಸರಿಯಾಗಿ. ರೂಪಶ್ರೀ ಓಡಿಹೋಗಿ ಪ್ರಬಂಧ ತೆರೆದಳು. ಹುಟ್ಟಿದಂದಿನಿಂದ ಕೊರವಂಗಲದ ಬೂಚೇಶ್ವರನನ್ನು ಬಲಕ್ಕೇ ಸುತ್ತಿದವಳು, ಪುಟ ನಲವತ್ತೊಂದರಲ್ಲಿ ಆ ದಿಕ್ಕನ್ನೇ ಧನ, ಅಂದರೆ ಪ್ಲಸ್, ಎಂದು ಹಿಡಿದುಬಿಟ್ಟಿದ್ದಳು. ಗಣಿತಲೋಕವೆಲ್ಲ ಜೀರುಂಡೆಯ ಕಡೆ; ಅವರಿಗೆ ಎಡಸುತ್ತೇ ಪ್ಲಸ್. ಆ ಪುಟದ ಪ್ಲಸ್ ಮೈನಸ್ ಆದರೆ ಪ್ರಮೇಯದೊಳಕ್ಕೆ ಆಲೂಗಡ್ಡೆಯನ್ನೂ ಬಿಟ್ಟುಕೊಳ್ಳಬೇಕು. ಆರು ವರ್ಷ ಗೊಬ್ಬರದ ಗುಂಡಿಗೆ.

ಬೆಳಿಗ್ಗೆ, ಹೊರಗಿನಿಂದ ಬಂದ ಪರೀಕ್ಷಕ ಚಂದ್ರಮೌಳಿ ಬೋಂಡಾದ ಎಣ್ಣೆಯನ್ನು ಕರವಸ್ತ್ರಕ್ಕೆ ಒರೆಸಿ ನೇರ ನಲವತ್ತೊಂದನ್ನೇ ತೆರೆದರು.

"ಏನಮ್ಮ, ಎಲ್ಲರ ಕಣ ಎಡಕ್ಕೆ ತಿರುಗಿದ್ರೆ ನಿಮ್ದು ಬಲಕ್ಕೆ?"

"ಹೌದು ಸರ್." ತಪ್ಪೊಪ್ಪಿಗೆ ನಾಲಿಗೆಯ ತುದಿಯಲ್ಲಿತ್ತು. ನೀರು ಕುಡಿದಳು. ಅಷ್ಟರಲ್ಲಿ ಅವರು ಪುಟಗಳನ್ನು ಹಿಂದಕ್ಕೆ ಮಗುಚಿದರು.

"ಓ. ಹತ್ತೊಂಬತ್ತರಲ್ಲಿ ಕಾಂತದ ಚಿಹ್ನೆಯನ್ನೂ ತಿರುವಿ ಹಾಕಿದೀರಿ. ಎರಡು ಮೈನಸ್ಸು ಗುಣಿಸಿದ್ರೆ ಪ್ಲಸ್ಸೇ."

ಅಲ್ಲಿಯ ಬಾಣಗಳನ್ನೂ ಅವಳು ಪ್ರದಕ್ಷಿಣೆಯಾಗಿಯೇ ಎಳೆದಿದ್ದಳು. ಭಕ್ತಿಯಿಂದ ಒಂದೇ ತಪ್ಪನ್ನು ಎರಡು ಸಲ ಮಾಡಿದ್ದಳು.

"ಬೇಕಂತ್ಲೇ ಮಾಡಿದ್ದು, ಅಲ್ವೆ? ದಿಕ್ಕು ಯಾವುದಾದ್ರೂ ಪ್ರಮೇಯ ನಿಲ್ಲತ್ತೆ ಅಂತ ತೋರಿಸೋಕೆ?"

ರೂಪಶ್ರೀ ಪದಗಳನ್ನು ಒಂದೊಂದಾಗಿ ಆರಿಸಿದಳು. "ದಿಕ್ಕು ಯಾವುದಾದ್ರೂ ನಿಲ್ಲತ್ತೆ, ಸರ್." ಅದರಲ್ಲಿ ಒಂದು ಸುಳ್ಳೂ ಇರಲಿಲ್ಲ.

"ಸೊಗಸಾಗಿದೆ," ಎಂದು ಅವರು ಸಹಿ ಹಾಕಿದರು.

ಸಂಜೆ ಅತ್ತೆ ತಟ್ಟೆಯ ಮುಂದೆಯೇ ಕೂತಿದ್ದರು. "ತಲೆ ಯಾವ ಕಡೀಕ್ ಮಾಡಿ ಬಿಟ್ರೂ ಅಂಗೇ ಸುತ್ತುತದೆ ಕಣವ್ವ, ಮೊಂಡು ಮುಂಡೇದು. ಏನಂದ್ರು ನಿಂಗೆ?"

"ಡಾಕ್ಟ್ರು ಅಂದ್ರು."

"ಏನೂ ತಪ್ಪು ಇಡೀಲಿಲ್ವಾ?"

"ಇಲ್ಲ ಅತ್ತೆ."

ಗಂಡ ಕುಮಾರನಿಗಾಗಲಿ ಗೈಡಿಗಾಗಲಿ ಈ ಜೋಡಿ ತಪ್ಪಿನ ವಿಷಯ ಹೇಳುವುದಿಲ್ಲ ಎಂದು ಅವಳು ಆಗಲೇ, ಬಸ್ಸಿಳಿಯುವ ಮೊದಲೇ, ತೀರ್ಮಾನಿಸಿದ್ದಳು. ಈಗ ಆ ಪಟ್ಟಿಗೆ ಅತ್ತೆಯನ್ನೂ ಸೇರಿಸಿ, ತಟ್ಟೆ ಎತ್ತಿಕೊಂಡು ಹೋಗಿ ಜೀರುಂಡೆಯನ್ನು ಹಿತ್ತಲಿಗೆ ಬಿಟ್ಟಳು.